ಮನೆ ಬೇರೆ, ಲೇಔಟ್ ಬೇರೆ

ತುಮಕೂರು ಜಿಲ್ಲೆಯ ಚನ್ನರಾಯನದುರ್ಗ ಹೋಬಳಿಯ ರೈತನೊಬ್ಬ ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ ಅರ್ಧ ಎಕರೆಯ ಅಂಚಿಗೆ, ಎರಡು ಗುಂಟೆಯಲ್ಲಿ, ಹೆಂಡತಿ ಮಕ್ಕಳಿಗೆಂದು ಮನೆ ಕಟ್ಟಿಕೊಳ್ಳುತ್ತಾನೆ. ಇನ್ನೊಬ್ಬ ರಸ್ತೆ ಬದಿಯ ನಾಲ್ಕು ಎಕರೆ ಕೊಂಡು, ಭೂ ಪರಿವರ್ತನೆ ಮಾಡಿಸದೆ ಕಲ್ಲು ನೆಟ್ಟು, ಸೈಟು ಮಾರಿ ಬೆಂಗಳೂರಿಗೆ ಹೋಗುತ್ತಾನೆ. ಇಬ್ಬರನ್ನೂ ‘ಅನಧಿಕೃತ’ ಎಂಬ ಒಂದೇ ಪಟ್ಟಿಗೆ ಸೇರಿಸಿ, ಇಬ್ಬರ ನೆಲಕ್ಕೂ ಪಂಚಾಯಿತಿಯ ಒಂದೇ 11ಬಿ ಖಾತೆ ಕೊಡುವ ನೀತಿಯನ್ನು ನಾನು ವಿರೋಧಿಸುತ್ತೇನೆ.

ಈ ತೊಡಕಿನ ಬುಡ ಗ್ರಾಮಠಾಣಾದಲ್ಲಿದೆ. ಊರಿನಲ್ಲಿ ಕೆಲವೇ ಮನೆಗಳಿದ್ದ ಕಾಲದಲ್ಲಿ ಕಂದಾಯ ನಕ್ಷೆಯ ಮೇಲೆ ಎಳೆದ ಗೆರೆ ಅದು. ಊರು ಬೆಳೆಯಿತು, ಒಂದು ಮನೆ ನಾಲ್ಕಾಯಿತು, ಗೆರೆ ಮಾತ್ರ ಇದ್ದಲ್ಲೇ ಉಳಿಯಿತು. ಅದರೊಳಗಿನ ಮನೆಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ಅಧಿಕೃತ ಆಸ್ತಿಯ ನಮೂನೆ 9, 11ಎ ಸಿಗುತ್ತವೆ. ಆಚೆಗಿನ ಮನೆಯವನು 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನಡಿ ಪರಿವರ್ತನೆ ಮಾಡಿಸಬೇಕು, 11ಇ ನಕ್ಷೆ ತರಬೇಕು, ಯೋಜನಾ ಇಲಾಖೆಯ ಅನುಮೋದನೆ ಪಡೆಯಬೇಕು. ಪಹಣಿ ಇನ್ನೂ ತಾತನ ಹೆಸರಿನಲ್ಲಿದ್ದು, ಪೋಡಿಯೇ ಆಗದ ಸರ್ವೆ ನಂಬರಿನಲ್ಲಿ ಬದುಕುತ್ತಿರುವವನು ಇದರಲ್ಲಿ ಯಾವುದನ್ನು ಮೊದಲು ಮಾಡಿಸಬೇಕು? ಅದೇ 95ನೇ ಸೆಕ್ಷನ್ ರೈತನಿಗೆ ತನ್ನ ಹಿಡುವಳಿಯಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಕೊಟ್ಟಿದೆ. ಕಾಯ್ದೆ ಒಪ್ಪಿದ ಮನೆಯನ್ನೂ ಖಾತೆಗಾಗಿ ಅಲೆದಾಡಿಸುವುದು ಅನ್ಯಾಯ.

ಗೊಲ್ಲರಹಟ್ಟಿಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮೂಲ ಊರಿನಿಂದ ದೂರದಲ್ಲಿ, ಕುರಿ ಮಂದೆ ನಿಲ್ಲುತ್ತಿದ್ದ ಜಾಗದಲ್ಲಿ ಹಟ್ಟಿಗಳು ಬೆಳೆದಿವೆ. ತಲೆಮಾರುಗಳಿಂದ ಒಲೆ ಉರಿದ ಮನೆಗಳವು, ಆದರೂ ದಾಖಲೆಯಲ್ಲಿ ಹೊಲ. ಆಗ ಕಂದಾಯ ಸಚಿವರಾಗಿದ್ದ ಕಾಗೋಡು ತಿಮ್ಮಪ್ಪನವರು ಪಟ್ಟುಹಿಡಿದು ಭೂ ಸುಧಾರಣಾ ಕಾಯ್ದೆಗೆ 38ಎ ಸೆಕ್ಷನ್ ಸೇರುವಂತೆ ಮಾಡಿದ್ದು ಇಂಥವರಿಗಾಗಿಯೇ. ತಾಂಡಾ, ಹಟ್ಟಿ, ಹಾಡಿ, ದೊಡ್ಡಿಗಳ ಮನೆಗೆ ಅಲ್ಲಿ ವಾಸಿಸುವವನೇ ಒಡೆಯ ಎಂಬುದು ಅದರ ತಿರುಳು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ ಇಂಥ ಮನೆಗಳಿಗೆ 1,11,111 ಹಕ್ಕುಪತ್ರಗಳನ್ನು ಕೊಟ್ಟಿತು. ಅದನ್ನು ಮನಸಾರೆ ಮೆಚ್ಚುತ್ತೇನೆ. ಒಂದು ಕುಟುಂಬದ ವಾಸವನ್ನೇ ಹಕ್ಕಿನ ಆಧಾರವಾಗಿ ಹಿಡಿದ ನೀತಿ ಅದು.

ಅದೇ ವರ್ಷ ಪಂಚಾಯತ್ ರಾಜ್ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಈ ವಿವೇಕ ಕಾಣುವುದಿಲ್ಲ. ಪಂಚಾಯಿತಿ ವ್ಯಾಪ್ತಿಯ ಅನಧಿಕೃತ ಆಸ್ತಿಗಳನ್ನು ತೆರಿಗೆಗೆ ಒಳಪಡಿಸಿ 11ಬಿ ಕೊಡುವುದು ಅದರ ಉದ್ದೇಶ. ಪಂಚಾಯಿತಿಗೆ ಆದಾಯ ಬರುತ್ತದೆ ನಿಜ. ಆದರೆ ಅದು ಜನ ಬದುಕುವ ಮನೆಯನ್ನೂ ಮಾರಾಟಕ್ಕಿಟ್ಟ ಖಾಲಿ ರೆವಿನ್ಯೂ ಸೈಟನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ಮನೆಯವನಿಗೆ ಇದರಿಂದ ಅರ್ಧ ನ್ಯಾಯ: ಕಂದಾಯ ಕಟ್ಟುತ್ತಾನೆ, ಆದರೂ ಅವನ ಮನೆ ಅನಧಿಕೃತವಾಗಿಯೇ ಉಳಿಯುತ್ತದೆ, ಸಾಲ ಕೇಳಿದರೆ ಬ್ಯಾಂಕು ಹಿಂಜರಿಯುತ್ತದೆ. ಲೇಔಟಿನವನಿಗೆ ಮಾತ್ರ ಪೂರ್ತಿ ಲಾಭ. ರಸ್ತೆ ಬಿಡಲಿಲ್ಲ, ಚರಂಡಿ ತೋಡಲಿಲ್ಲ, ಅವನ ಸೈಟಿಗೆ ಸರ್ಕಾರದ ನಮೂನೆಯೇ ಜಾಹೀರಾತು.

‘ಸೈಟು ಕೊಂಡವರೂ ಬಡವರೇ’ ಎನ್ನುವವರಿದ್ದಾರೆ. ಹೌದು, ಗಾರ್ಮೆಂಟ್ಸ್‌ಗೆ ಹೋಗಿ ಉಳಿಸಿದ ಹಣದಲ್ಲಿ ಕೊಂಡವರಿದ್ದಾರೆ. ಹಾಗಾದರೆ ರಸ್ತೆ, ನೀರಿನ ಖರ್ಚನ್ನು ಮಾರಿದವನಿಂದ ವಸೂಲು ಮಾಡಿ ಅವರಿಗೆ ಸರಿಯಾದ ಖಾತೆ ಕೊಡಿ. ಅಕ್ರಮ ಕಟ್ಟಡಗಳನ್ನು ಶುಲ್ಕ ಪಡೆದು ಸಕ್ರಮಗೊಳಿಸುವ ನಗರಗಳ ಅಕ್ರಮ–ಸಕ್ರಮ ಯೋಜನೆಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆದ ಮೇಲೂ, ತಪ್ಪು ಮಾಡಿದವನನ್ನು ಬಿಟ್ಟು ಕೊಂಡವನಿಂದ ಹಣ ಪಡೆಯುವ ಚಾಳಿ ನಮ್ಮ ಸರ್ಕಾರಗಳನ್ನು ಬಿಟ್ಟಿಲ್ಲ.

ಮನೆಗೂ ಲೇಔಟಿಗೂ ಇರುವ ಈ ವ್ಯತ್ಯಾಸ ನೀರಿನ ಪ್ರಶ್ನೆಯೂ ಹೌದು. ಜಯಮಂಗಲಿ ನದಿಯ ಪಾತ್ರ ವರ್ಷದ ಬಹುಪಾಲು ಒಣಗಿರುವ ಸೀಮೆಯಿದು. ಅಂತರ್ಜಲವನ್ನು ಮರುಪೂರಣಕ್ಕಿಂತ ಹೆಚ್ಚಾಗಿ ಎತ್ತಿ ಬರಿದು ಮಾಡಿದ್ದೇವೆ. ಹೊಲದಲ್ಲೊಂದು ಮನೆ ಎದ್ದರೆ ಇರುವ ಕೊಳವೆಬಾವಿಯೇ ಸಾಕು. ಐವತ್ತು ಸೈಟಿಗೆ ಐವತ್ತು ಕಡೆ ಕೊರೆದರೆ ಪಕ್ಕದ ಅಡಿಕೆ ತೋಟ ಒಣಗುತ್ತದೆ.

ಎಲ್ಲಿ ಏನು ಕಟ್ಟಬೇಕೆಂದು ಹೇಳಬೇಕಾದದ್ದು ಭೂಬಳಕೆ ಯೋಜನೆ. ಅಮೆರಿಕದ ಹಲವು ನಗರಗಳ ಹೆಚ್ಚಿನ ವಸತಿ ಪ್ರದೇಶದಲ್ಲಿ ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ ಎಂಬ ಕಟ್ಟುಪಾಡಿತ್ತು. ಮಿನಿಯಾಪೊಲಿಸ್ 2018ರಲ್ಲಿ, ಒರೆಗನ್ ರಾಜ್ಯ 2019ರಲ್ಲಿ ಅದನ್ನು ಸಡಿಲಿಸಲು ತೀರ್ಮಾನಿಸಿದವು. ಯೋಜನೆ ಅತಿಯಾಗಿ ಬಿಗಿದದ್ದು ಅಲ್ಲಿಯ ಜಗಳ. ನಮ್ಮ ಹಳ್ಳಿಗಳಿಗೆ ಅಂಥ ಯೋಜನೆ ಇನ್ನೂ ಬಂದೇ ಇಲ್ಲ.

ತುಮಕೂರು ಜಿಲ್ಲಾಡಳಿತ ಪ್ರತಿ ಊರಿನ, ಪ್ರತಿ ಹಟ್ಟಿಯ ಗ್ರಾಮಠಾಣಾವನ್ನು ಹೊಸದಾಗಿ ಅಳೆಸಿ, ವಿಸ್ತರಿಸಿದ ಗೆರೆಯನ್ನು ಗ್ರಾಮಸಭೆಯ ಮುಂದಿಡಲಿ. ಹಳ್ಳಿಯ ಮನೆ-ಜಾಗ ಅಳೆಯಲು 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್‌ಗಳು ಹಟ್ಟಿಗಳ ಮೇಲೂ ಹಾರಲಿ. ಒಂದು ಕುಟುಂಬ ನಿಜವಾಗಿ ವಾಸಿಸುವ ಮನೆಗೆ, ಬೇರೆ ಮನೆ ಇಲ್ಲದಿದ್ದರೆ, ಪರಿವರ್ತನೆ ಶುಲ್ಕವಿಲ್ಲದೆ 11ಎ ಕೊಡಲಿ. ಖಾಲಿ ಸೈಟಿನ 11ಬಿ ಅರ್ಜಿಗಳನ್ನು, ಆ ಜಮೀನನ್ನು ತುಂಡು ಮಾಡಿದವನು ರಸ್ತೆ, ಚರಂಡಿ, ನೀರಿನ ಹೊಣೆ ಹೊರುವವರೆಗೆ ಪಿಡಿಒಗಳು ತಡೆಹಿಡಿಯುವಂತೆ ಸರ್ಕಾರ ಆದೇಶ ಹೊರಡಿಸಲಿ.