ಅಳೆಯುವ ಸಾಧನವನ್ನೂ ಅಳೆಯಬೇಕು

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯ ಕೈಗೆ ವರ್ನಿಯರ್ ಕ್ಯಾಲಿಪರ್ಸನ್ನು ಕೊಟ್ಟೊಡನೆ ನಾವು ಹೇಳುವ ಮೊದಲ ಮಾತು, ಅದರ ಶೂನ್ಯದೋಷವನ್ನು ನೋಡಿಕೊಳ್ಳಬೇಕೆಂಬುದು. ಅದೇ ವಿದ್ಯಾರ್ಥಿ ಗಣಕಯಂತ್ರದ ಮುಂದೆ ಕುಳಿತು, ತನ್ನ ಪ್ರೋಗ್ರಾಮಿನಲ್ಲಿರುವ ತಪ್ಪನ್ನು ಹುಡುಕಲು ಡಿಬಗರ್ ಎಂಬ ಸಾಧನವನ್ನು ಬಳಸುವಾಗ ಅಂಥ ಎಚ್ಚರಿಕೆಯ ಮಾತು ಅಪರೂಪ. ಡಿಬಗರ್ ತೋರಿಸಿದುದೇ ಸತ್ಯವೆಂದು ಅವನು ನಂಬುತ್ತಾನೆ. ಇದು ವಿಜ್ಞಾನದ ರೀತಿಯಲ್ಲವೆಂದು ನಾವು ಹೇಳಬಯಸುತ್ತೇವೆ.

ತಪ್ಪು ಹುಡುಕುವ ಕೆಲಸ ಗಣಕಯಂತ್ರದಷ್ಟೇ ಹಳೆಯದು. ಕೇಂಬ್ರಿಜ್‌ನ ಎಡ್‌ಸ್ಯಾಕ್ ಯಂತ್ರ 1949ರಲ್ಲಿ ಕೆಲಸಮಾಡತೊಡಗಿತು. ಅದರ ಪ್ರೋಗ್ರಾಮುಗಳ ತಪ್ಪುಗಳನ್ನು ಪತ್ತೆಹಚ್ಚುವ ಬಗೆಯನ್ನು ಕುರಿತು ಸ್ಟ್ಯಾನ್ಲಿ ಗಿಲ್ 1951ರಲ್ಲಿಯೇ ಪ್ರಬಂಧವನ್ನು ಪ್ರಕಟಿಸಿದರು.

ಇಂದಿನ ಡಿಬಗರಿನ ಮುಖ್ಯ ಆಯುಧ ಬ್ರೇಕ್‌ಪಾಯಿಂಟ್, ಅಂದರೆ ತಡೆಬಿಂದು. ಪ್ರೋಗ್ರಾಮಿನ ಆಜ್ಞೆಗಳು ಸ್ಮೃತಿಯಲ್ಲಿ ಸಂಖ್ಯೆಗಳಾಗಿ ನೆಲೆಸಿರುತ್ತವೆ. ಇಂಟೆಲ್ ಮಾದರಿಯ ಯಂತ್ರಗಳಲ್ಲಿ, ನಾವು ಗೊತ್ತುಮಾಡಿದ ಆಜ್ಞೆಯ ಮೊದಲ ಬೈಟನ್ನು ಡಿಬಗರ್ ಬೇರೆಡೆ ಬರೆದಿಟ್ಟುಕೊಂಡು, ಅದರ ಜಾಗದಲ್ಲಿ 204 ಎಂಬ ಸಂಖ್ಯೆಯನ್ನು ಇರಿಸುತ್ತದೆ. 'ನಿಲ್ಲು' ಎಂಬುದೇ ಅದರ ಅರ್ಥ. ಯಂತ್ರ ನಿಂತ ಮೇಲೆ, ಮುಂದುವರಿಯುವ ಮುನ್ನ ಡಿಬಗರ್ ಮೂಲ ಬೈಟನ್ನು ಹಿಂದಿರುಗಿಸಿ, ಯಂತ್ರವನ್ನು ಒಂದು ಬೈಟಿನಷ್ಟು ಹಿಂದಕ್ಕೆ ಸರಿಸಿ, ಆ ಒಂದೇ ಆಜ್ಞೆಯನ್ನು ನಡೆಸಿ, ತಡೆಯನ್ನು ಮತ್ತೆ ನೆಡಬೇಕು.

ಅಂದರೆ, ಪರೀಕ್ಷೆಗೆ ಒಳಗಾದ ವಸ್ತುವನ್ನು ಪರೀಕ್ಷಕನೇ ತಿದ್ದಿದಂತಾಯಿತು. ಬಿಸಿನೀರಿನಲ್ಲಿ ಅದ್ದಿದ ಉಷ್ಣಮಾಪಕವೂ ಕೊಂಚ ಶಾಖವನ್ನು ಹೀರಿಕೊಳ್ಳುತ್ತದಷ್ಟೆ. ಆದರೆ ಡಿಬಗರಿಗೆ ತಾನು ಬದಲಿಸಿದುದು ಯಾವ ಬೈಟು ಎಂಬುದು ಖಚಿತವಾಗಿ ಗೊತ್ತು. ಆದುದರಿಂದ ಅದರ ಪ್ರಾಮಾಣಿಕತೆಯನ್ನು ನಾವೂ ಖಚಿತವಾಗಿ ಪರೀಕ್ಷಿಸಬಹುದು.

ಪರೀಕ್ಷೆಗಳು ಸರಳವಾದುವು. ಹತ್ತು ಸಲ ಸುತ್ತುವ ಆವರ್ತದಲ್ಲಿ ಒಂದು ತಡೆಯನ್ನಿಟ್ಟರೆ ಪ್ರೋಗ್ರಾಮು ಹತ್ತು ಸಲ ನಿಲ್ಲಬೇಕು. ಉತ್ತರವೂ ಮೊದಲಿನಂತೆಯೇ ಬರಬೇಕು. ಒಂದೇ ಸಲ ನಿಂತರೆ, ತಡೆಯನ್ನು ಮರಳಿ ನೆಡಲಿಲ್ಲವೆಂದಾಯಿತು. ಎರಡನೆಯದಾಗಿ, ತಡೆಯಿರುವ ಸ್ಥಾನವನ್ನು ಡಿಬಗರಿನ ಮೂಲಕ ಓದಿದರೆ ಮೂಲ ಬೈಟೇ ಕಾಣಬೇಕು. ಮೂರನೆಯದಾಗಿ, ಅದೇ ಸ್ಥಾನದಲ್ಲಿ ಡಿಬಗರಿನ ಮೂಲಕ ಹೊಸ ಬೈಟನ್ನು ಬರೆದು, ಬಳಿಕ ತಡೆಯನ್ನು ತೆಗೆದರೆ ಹೊಸದೇ ಉಳಿಯಬೇಕು. ಹಳೆಯದು ಮರಳಿ ಬರಕೂಡದು.

ನಾಲ್ಕನೆಯದು ಇನ್ನೂ ಸ್ವಾರಸ್ಯವಾದುದು. ಪ್ರೋಗ್ರಾಮು ತನ್ನದೇ ಆಜ್ಞೆಗಳ ಬೈಟುಗಳನ್ನು ಕೂಡಿ ಮೊತ್ತವನ್ನು ಮುದ್ರಿಸಲಿ. 85 ಎಂಬ ಬೈಟಿನ ಮೇಲೆ ತಡೆಯನ್ನಿಟ್ಟರೆ ಮೊತ್ತ 119ರಷ್ಟು ಹೆಚ್ಚುತ್ತದೆ. ಡಿಬಗರ್ ನಮಗೆ 85ನ್ನೇ ತೋರಿಸುತ್ತಿದ್ದರೂ, ಪ್ರೋಗ್ರಾಮಿನ ಕಣ್ಣಿಗೆ ಬೀಳುವುದು 204! ಇದು ಡಿಬಗರಿನ ತಪ್ಪಲ್ಲ, ಈ ವಿಧಾನದ ಮಿತಿ. ಆ ಮಿತಿಯನ್ನು ಅರಿಯದವನು ಇಲ್ಲದ ದೋಷವನ್ನು ಹುಡುಕುತ್ತ ದಿನಗಳನ್ನು ಕಳೆದಾನು. ಸ್ಮೃತಿಯನ್ನು ತಿದ್ದದೆ ನಿಲ್ಲಿಸುವ ವ್ಯವಸ್ಥೆಯನ್ನು ಇಂಟೆಲ್‌ನ 80386 ಸಂಸ್ಕಾರಕ 1985ರಲ್ಲಿ ತನ್ನ ಒಡಲಲ್ಲಿಯೇ ತಂದಿತು. ಆದರೆ ಅಲ್ಲಿ ಒಮ್ಮೆಗೆ ನಾಲ್ಕು ತಡೆಗಳಿಗೆ ಮಾತ್ರ ಅವಕಾಶ.

"ಡಿಬಗರನ್ನು ರಚಿಸಿದವರೇ ಪರೀಕ್ಷಿಸಿರುವಾಗ ವಿದ್ಯಾರ್ಥಿಗೇಕೆ ಈ ಶ್ರಮ?" ಎಂದು ಕೆಲವರು ಕೇಳಬಹುದು. ಜಿಡಿಬಿ ಎಂಬ ಪ್ರಸಿದ್ಧ ಡಿಬಗರಿನ ಜೊತೆಯಲ್ಲಿಯೇ ದೊಡ್ಡದೊಂದು ಪರೀಕ್ಷಾಮಾಲೆ ಇರುವುದು ನಿಜ. ಆದರೆ ಕ್ಯಾಲಿಪರ್ಸನ್ನೂ ಕಾರ್ಖಾನೆಯಲ್ಲಿ ಪರೀಕ್ಷಿಸಿಯೇ ಕಳುಹಿಸಿರುತ್ತಾರೆ; ನಾವು ಶೂನ್ಯದೋಷವನ್ನು ನೋಡುವುದನ್ನು ಬಿಟ್ಟಿದ್ದೇವೆಯೆ? ಈ ಪರೀಕ್ಷೆ ತಯಾರಕರ ಮೇಲಣ ಸಂಶಯದಿಂದ ಹುಟ್ಟಿದುದಲ್ಲ. ಸಾಧನ ಎಲ್ಲಿಯವರೆಗೆ ನಂಬಿಕೆಗೆ ಅರ್ಹವೆಂಬುದನ್ನು ತಿಳಿಯುವ ಬಗೆ.

ಆದುದರಿಂದ ಗಣಕ ಪ್ರಯೋಗಶಾಲೆಯ ಮೊದಲ ವಾರಗಳಲ್ಲಿಯೇ ಈ ನಾಲ್ಕು ಪರೀಕ್ಷೆಗಳಿಗೆ ಒಂದು ದಿನವನ್ನು ಮೀಸಲಿಡಬೇಕು. ಇವಕ್ಕೆ ಹೊಸ ಉಪಕರಣಗಳಾವುವೂ ಬೇಡ. ಹತ್ತಿಪ್ಪತ್ತು ಸಾಲುಗಳ ಪ್ರೋಗ್ರಾಮು ಸಾಕು. ಸಾಧನದ ಮಿತಿಯನ್ನು ತನ್ನ ಕೈಯಾರೆ ಕಂಡುಕೊಂಡ ವಿದ್ಯಾರ್ಥಿ, ಮುಂದೆ ಯಾವ ಯಂತ್ರದ ಮಾತನ್ನೂ ಕಣ್ಣುಮುಚ್ಚಿ ಒಪ್ಪಿಕೊಳ್ಳಲಾರನು.