ಬಾಗಿಲಿಗೆ ಬೆಂಕಿ ಏಕೆ?

ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಶೇಂಗಾ ಮೂಟೆ, ಹುಣಸೆಹಣ್ಣು, ರೇಷ್ಮೆಗೂಡು ಹೇರಿಕೊಂಡು ಓಡಾಡುವ ಹಳೆಯ ಗಾಡಿಗಳ ಬಾಗಿಲುಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಬಾಗಿಲಿನ ಹೊರ ತಗಡು ಕೆಳ ಅಂಚಿನಲ್ಲಿ ಒಳಚೌಕಟ್ಟನ್ನು ಬಿಟ್ಟು ಬಾಯಿ ತೆರೆದಿರುತ್ತದೆ. ಒಂದು ಗಾಡಿಯಲ್ಲಿ ಅದನ್ನು ತಂತಿಯಿಂದ ಬಿಗಿದಿದ್ದರೆ, ಇನ್ನೊಂದರಲ್ಲಿ ವೆಲ್ಡಿಂಗಿನ ಕಪ್ಪು ಗಂಟುಗಳು. ನಮ್ಮ ಕಾಸರಗೋಡಿನಲ್ಲೂ ಇದೇ ನೋಟ. ಶಾಲಾ ಮಾಸ್ತರರಿಗೆ ಈ ಉಸಾಬರಿ ಏಕೆಂದು ಓದುಗರು ಕೇಳಬಹುದು. ಗಡಿಯ ಆಚೆಗಾಗಲಿ ಈಚೆಗಾಗಲಿ, ಕನ್ನಡ ಶಾಲೆಯಿಂದ ಹೊರಬಿದ್ದ ಹುಡುಗರಲ್ಲಿ ಹಲವರು ಸೇರುವುದು ಟಿಂಕರಿಂಗ್ ಶೆಡ್ಡುಗಳಿಗೆ. ನಮ್ಮ ಮಕ್ಕಳು ಶಾಲೆಗೆ ಬರುವುದೂ ಇಂಥ ಬಾಗಿಲುಗಳಿಗೆ ಒರಗಿ ಕುಳಿತೇ. ಆದುದರಿಂದ ಮಾತನಾಡಬೇಕಾಗಿದೆ.

ಮೋಟಾರು ಬಾಗಿಲೆಂದರೆ ಒಂದೇ ತಗಡಲ್ಲ. ಒಳಗೊಂದು ಚೌಕಟ್ಟು, ಹೊರಗೆ ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪದ ತಗಡು. ಹೊರ ತಗಡಿನ ಅಂಚನ್ನು ಚೌಕಟ್ಟಿನ ಅಂಚಿನ ಮೇಲೆ ಮಡಚಿ ಬಡಿದಿರುತ್ತಾರೆ. ಸಂತೆಯಲ್ಲಿ ಟ್ರಂಕು ಪೆಟ್ಟಿಗೆ ಮಾಡುವವನ ಕೈ ನೋಡಿದವರಿಗೆ ಈ ಮಡಿಕೆ ಹೊಸತೇನಲ್ಲ. ಇತ್ತೀಚಿನ ಗಾಡಿಗಳಲ್ಲಿ ಮಡಿಕೆಯ ನಡುವೆ ಅಂಟು ತುಂಬಿರುತ್ತದೆ. ಅಂದರೆ ಕಾರ್ಖಾನೆಯವರೇ ಹೊರ ತಗಡನ್ನು ಹಿಡಿದಿಡುವ ಮುಖ್ಯ ಕೆಲಸವನ್ನು ಮಡಿಕೆಗೂ ಅಂಟಿಗೂ ಬಿಟ್ಟಿದ್ದಾರೆ. ಅಲ್ಲಿ ನಮ್ಮವರಿಗೆ ಮಾತ್ರ ಬೆಂಕಿಯೇ ಬೇಕು!

ತಗಡು ಬಿಡುವುದು ನೀರಿನಿಂದ. ಗಾಜಿನ ಪಕ್ಕದ ರಬ್ಬರಿನಿಂದ ನೀರು ಒಳಗಿಳಿಯುವುದು ಸಹಜ, ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳಿವೆ. ಅನಂತಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್, ನಮ್ಮಲ್ಲಿ ಸುಮಾರು 3500. ಹಾಗಿದ್ದೂ ಅಲ್ಲಿ ಬಾಗಿಲು ಕೊಳೆಯುತ್ತದೆಯೆಂದರೆ ಕಾರಣ ಧೂಳು. ಅದು ರಂಧ್ರಗಳನ್ನು ಗಾರೆಯಂತೆ ಮುಚ್ಚುತ್ತದೆ, ಗಾಡಿ ತೊಳೆದ ನೀರು ಒಳಗೇ ನಿಲ್ಲುತ್ತದೆ. ನಮ್ಮಲ್ಲಿ ಧೂಳಿನ ಬದಲು ಕೊಳೆತ ಎಲೆ, ಜೊತೆಗೆ ಕಡಲಿನ ಉಪ್ಪುಗಾಳಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಮಡಿಕೆಯೊಳಗೆ ಹುಟ್ಟಿ, ಬೆಣೆ ಹೊಡೆದಂತೆ ಅದನ್ನು ಬಿಚ್ಚುತ್ತದೆ.

ಇಂಥ ಕಡೆ ವೆಲ್ಡಿಂಗ್ ಮಾಡಿದರೆ ಏನಾಗುತ್ತದೆ? ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು. ತುಕ್ಕು ತಡೆಯಲೆಂದು ಬಳಿದ ಸತುವಾದರೋ 419 ಡಿಗ್ರಿಗೆ ಕರಗಿ 907ಕ್ಕೆ ಕುದಿದು ಹೋಗುತ್ತದೆ. ಆ ಹೊಗೆ ಕುಡಿದ ಹುಡುಗನಿಗೆ ಸಂಜೆಗೆ ಚಳಿಜ್ವರ. ಮಡಿಕೆಯ ಅಂಟು ಸುಡುತ್ತದೆ, ತೆಳು ತಗಡು ಸೊಟ್ಟಗಾಗುತ್ತದೆ, ಸೊಟ್ಟ ಮುಚ್ಚಲು ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ಗಂಟಿನ ಪಕ್ಕದಲ್ಲಿ ಬೆತ್ತಲಾದ ಉಕ್ಕು ಮುಂದಿನ ಮಳೆಗೇ ತುಕ್ಕು ಹಿಡಿಯುತ್ತದೆ. ಗಿರಾಕಿಗೆ ಕಿಡಿ ಹಾರಿದರೆ ಕೆಲಸ ಆಯಿತೆಂಬ ಸಮಾಧಾನ. ಶೆಡ್ಡಿಗೆ ಒಂದು ಗಂಟೆಯಲ್ಲಿ ಗಾಡಿ ಖಾಲಿ. ಇಬ್ಬರಿಗೂ ಅನುಕೂಲವಾದ ಈ ಒಪ್ಪಂದದಲ್ಲಿ ನಷ್ಟವಾಗುವುದು ಬಾಗಿಲಿಗೆ. ಬಾಡಿಗೆ ಗಾಡಿಯೊಂದನ್ನೇ ನಂಬಿದ ಮನೆಗೆ ಎರಡು ವರ್ಷದಲ್ಲಿ ಮತ್ತೆ ಅದೇ ಖರ್ಚು.

ಅಂಟಿನ ಮೇಲೆ ಅಪನಂಬಿಕೆ ಇರುವವರು ಇದನ್ನು ಕೇಳಲಿ. ಇಂಗ್ಲೆಂಡಿನಲ್ಲಿ ನಾರ್ಮನ್ ಡಿ ಬ್ರೂಯ್ನ್ ಅವರ ಸಂಸ್ಥೆ 1940ರ ದಶಕದ ಮೊದಲಿಗೇ ‘ರೆಡಕ್ಸ್’ ಎಂಬ ಲೋಹದ ಅಂಟನ್ನು ತಯಾರಿಸಿ, ಅದು ವಿಮಾನಗಳಿಗೆ ಬಳಕೆಯಾಯಿತು. 1996ರ ಲೋಟಸ್ ಎಲೀಸ್ ಕಾರಿನ ಅಲ್ಯುಮಿನಿಯಂ ಚಾಸಿಯನ್ನೇ ಎಪಾಕ್ಸಿ ಅಂಟಿನಿಂದ ಜೋಡಿಸಿದ್ದರು. ಅಂಟಿಗೆ ಒಂದು ಗುಣವುಂಟು. ಜಾರಿಸಿ ಎಳೆದರೆ ಬಿಡದು, ತುದಿ ಹಿಡಿದು ಸುಲಿದರೆ ಬಿಡುತ್ತದೆ. ಲಕೋಟೆಯ ಮೇಲಿನ ಅಂಚೆಚೀಟಿಯನ್ನು ನೆನೆಸಿಕೊಳ್ಳಿ. ಆದುದರಿಂದ ಅಂಟು ಹಚ್ಚಿದರೆ ಸಾಲದು, ಮಡಿಕೆಯನ್ನು ಮತ್ತೆ ಕೂರಿಸಬೇಕು. ಸುಲಿಯಲು ತುದಿ ಸಿಗಬಾರದು.

ಕೆಲಸದಲ್ಲಿ ಮುಕ್ಕಾಲು ಪಾಲು ಶುಚಿ ಮಾಡುವುದೇ. ಬಾಯಿ ಬಿಟ್ಟ ಮಡಿಕೆಯನ್ನು ಮೆಲ್ಲನೆ ಇನ್ನಷ್ಟು ತೆರೆದು, ತುಕ್ಕನ್ನೂ ಹಳೆಯ ಅಂಟನ್ನೂ ಹೊಳೆಯುವ ಲೋಹ ಕಾಣುವ ತನಕ ಕೆರೆಯಬೇಕು. ಒರಟು ಉಜ್ಜುಕಾಗದ ಹಾಕಿ ಥಿನ್ನರಿನಿಂದ ಒರೆಸಿದ ಮೇಲೆ ಬೆರಳು ತಾಗಿಸಬಾರದು, ಬೆರಳಿನ ಜಿಡ್ಡೇ ಸಾಕು ಕೆಡಿಸಲು. ಬಳಿಕ ಬಾಡಿ ಕೆಲಸಕ್ಕೆಂದೇ ಬರುವ ಎರಡು ಭಾಗದ ಎಪಾಕ್ಸಿಯನ್ನು ಎಡೆಬಿಡದೆ ಎಳೆದು, ಹಿಂದೆ ಡಾಲಿ ಕೊಟ್ಟು ಸುತ್ತಿಗೆಯಿಂದ ಅಂಚು ಮಡಚಿ, ಕ್ಲಾಂಪು ಬಿಗಿದು ಒಂದು ದಿನ ಮುಟ್ಟದೆ ಬಿಡಬೇಕು. ಹಿಂದೂಪುರದ ಬೇಸಗೆಯ ಮಧ್ಯಾಹ್ನ ಅಂಟು ಕೈಯಲ್ಲೇ ಗಟ್ಟಿಯಾದೀತು, ಅಲ್ಲಿ ಬೆಳಗಿನ ಹೊತ್ತು ಲೇಸು. ನಮ್ಮ ಆಟಿಯ ಮಳೆಯಲ್ಲಿ ತಗಡಿನ ತೇವ ಆರಿಸದೆ ಹಚ್ಚಿದರೆ ದುಡ್ಡು ನೀರಿಗೆ ಹಾಕಿದಂತೆ. ಕೊನೆಗೆ ಅಂಚಿಗೆ ಸೀಲರ್. ರಂಧ್ರಗಳನ್ನು ಮಾತ್ರ ಮುಚ್ಚಕೂಡದು.

ನಮ್ಮನ್ನು ಕಾಡುವುದು ಇನ್ನೊಂದು ವಿಷಯ. ಎರಡು ಟ್ಯೂಬುಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು, ಎಷ್ಟು ಹೊತ್ತಿನೊಳಗೆ ಕೂರಿಸಬೇಕು ಎಂಬುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಕನ್ನಡವೋ ತೆಲುಗೋ ಮಲಯಾಳವೋ ಓದಿದ ಹುಡುಗ ಕಣ್ಣಂದಾಜಿನಲ್ಲಿ ಬೆರೆಸುತ್ತಾನೆ, ಅಂಟು ಗಟ್ಟಿಯಾಗದೆ ಬಿಡುತ್ತದೆ, ‘ಅಂಟಿನ ಕೆಲಸ ನಂಬಬೇಡಿ ಸಾರ್’ ಎಂಬ ಮಾತು ಊರೆಲ್ಲ ಹರಡುತ್ತದೆ. ಶಾಲೆಯ ಕಾರ್ಯಾನುಭವದ ಪೀರಿಯಡಿನಲ್ಲಿ ಇಂಥದೊಂದು ಚೀಟಿಯನ್ನು ಮಕ್ಕಳಿಂದಲೇ ಕನ್ನಡದಲ್ಲಿ ಬರೆಯಿಸಿ ಹತ್ತಿರದ ಶೆಡ್ಡಿನ ಗೋಡೆಗೆ ಅಂಟಿಸಿದರೆ ಯಾವ ಸರಕಾರಿ ಆದೇಶವೂ ಬೇಡ.

ಎಲ್ಲ ಬಾಗಿಲಿಗೂ ಇದು ಮದ್ದೆಂದು ನಾವು ಹೇಳುವುದಿಲ್ಲ. ಚೌಕಟ್ಟಿನ ಅಂಚೇ ತುಕ್ಕಾಗಿ ಉದುರಿದ್ದರೆ ಅಂಟಿಗೆ ಹಿಡಿಯಲು ಏನೂ ಇಲ್ಲ. ಹಿಂಜು ಕೂರುವ ಜಾಗ, ಬಾಗಿಲೊಳಗಿನ ಅಡ್ಡಪಟ್ಟಿ, ಕಂಬಗಳು ಡಿಕ್ಕಿಯ ಪೆಟ್ಟು ತಡೆಯುವಂಥವು. ಅಲ್ಲಿ ಅಂಟಿನ ಸಾಹಸ ಸಲ್ಲದು. ಅಂಥ ಬಾಗಿಲಿಗೆ ಗುಜರಿಯಿಂದ ಗಟ್ಟಿ ಬಾಗಿಲೊಂದನ್ನು ತಂದು ಹಾಕಿಸುವುದೇ ಸರಿ. ತಂದ ದಿನವೇ ಸೈಕಲ್ ಕಡ್ಡಿಯೊಂದರಿಂದ ಅದರ ತಳದ ರಂಧ್ರಗಳನ್ನು ಬಿಡಿಸಿಡಿ. ಮತ್ತೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ.