ಅಪ್ಪನ ಗೊರಕೆ ಕೇಳಿಸ್ಕೊಂಡಿದ್ದೀರಾ?

ಅಪ್ಪ ಜೋರಾಗಿ ಗೊರಕೆ ಹೊಡೆದರೆ ‘ಒಳ್ಳೆ ನಿದ್ದೆ ಬಂದಿದೆ’ ಅಂತೀವಿ. ರಾತ್ರಿ ಮೂರು ಸಲ ಬಾತ್‌ರೂಮಿಗೆ ಎದ್ದರೆ ‘ಶುಗರ್ರೋ, ಪ್ರಾಸ್ಟೇಟೋ ಇರಬೇಕು’ ಅಂತೀವಿ. ಎರಡರ ಹಿಂದೆಯೂ ಒಂದೇ ಕಾಯಿಲೆ ಇರಬಹುದು.

ನಮ್ಮಪ್ಪನ ಬಿಪಿ ಮೂರು ಮಾತ್ರೆಗೂ ಬಗ್ಗದಿದ್ದಾಗ ಡಾಕ್ಟರು ಪ್ರಶ್ನೆ ಕೇಳಿದ್ದು ಅಮ್ಮನಿಗೆ: ‘ಗೊರಕೆ ಮಧ್ಯೆ ಉಸಿರು ನಿಲ್ಲುತ್ತಾ?’

‘ಹೂಂ ಡಾಕ್ಟ್ರೇ, ನಾನೇ ಅಲ್ಲಾಡಿಸಿ ಎಬ್ಬಿಸ್ತೀನಿ.’

ಇದು ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತೆ, 10 ಸೆಕೆಂಡೋ ಇನ್ನೂ ಹೆಚ್ಚೋ. ಗಂಟೆಗೆ 30 ಸಲ ಹೀಗಾದರೆ ಕಾಯಿಲೆ ತೀವ್ರ ಅಂತ ಲೆಕ್ಕ. ಪ್ರತಿ ಸಲವೂ ಆಮ್ಲಜನಕ ಇಳಿಯುತ್ತೆ, ಬಿಪಿ ಏರುತ್ತೆ. ಎದೆಯೊಳಗಿನ ಎಳೆತಕ್ಕೆ ಹೃದಯ ಹಿಗ್ಗಿ, ನೀರು ಹೊರಹಾಕಿಸುವ ಹಾರ್ಮೋನ್ ಬಿಡುತ್ತೆ. ಮತ್ತೆ ಮತ್ತೆ ಮೂತ್ರಕ್ಕೆ ಏಳೋದು ಅದಕ್ಕೇ. ರಾತ್ರಿ ಒಂದು ಪೆಗ್ ಹಾಕಿದರೆ ಗಂಟಲು ಇನ್ನಷ್ಟು ಸಡಿಲ. (ಅಪ್ಪಂದಿರು ಇದನ್ನು ಒಪ್ಪಲ್ಲ ಬಿಡಿ.)

ಸಿಪ್ಯಾಪ್ ಮಾಸ್ಕ್ ನೋಡಿ ಅಪ್ಪ ‘ಆನೆ ಸೊಂಡಿಲು’ ಅಂತ ಮುಖ ತಿರುಗಿಸಿದ್ರು. ಈಗ ರಾತ್ರಿ ಏಳೋದು ಒಂದೇ ಸಲ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಗೊರಕೆಯನ್ನ ಎರಡು ನಿಮಿಷ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಸ್ಲೀಪ್ ಸ್ಟಡಿ ಬೇಕಾ ಅಂತ ಡಾಕ್ಟರನ್ನ ಕೇಳೋಕೆ ಅಷ್ಟು ಸಾಕು.